ಖಾಲಿ ಬಿಟ್ಟ ಪುಟ

ನನ್ನ 2025ರ ಡೈರಿಯಲ್ಲಿ ಜೂನ್ 4ರ ಪುಟ ಖಾಲಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತ ದಿನ. ಏನು ಬರೆಯಬೇಕೆಂದು ತೋಚಿರಲಿಲ್ಲ. ಜುಲೈ 14ರಂದು ಬಿ. ಸರೋಜಾದೇವಿ ತೀರಿಕೊಂಡರು. ಅಮ್ಮ ಅಂದು ಟಿ.ವಿ. ಮುಂದಿನಿಂದ ಏಳಲೇ ಇಲ್ಲ. ಅದೇ ತಿಂಗಳು ಸಣ್ಣ ಅಂಗಡಿಗಳವರು ತೆರಿಗೆ ನೋಟಿಸಿಗೆ ಹೆದರಿ ಕ್ಯೂಆರ್ ಕೋಡ್ ಕಿತ್ತುಹಾಕಿದರು. ಒಂದು ಕಟ್ಟು ಕೊತ್ತಂಬರಿಗಾಗಿ ನಾನು ಎಟಿಎಂ ಹುಡುಕಿದೆ! ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಬಂತು. ಸಿಲ್ಕ್ ಬೋರ್ಡ್‌ನ ವಾಹನ ಸಾಗರವನ್ನು ಮೇಲಿನಿಂದ ನೋಡುವ ಸುಖಕ್ಕೆಂದೇ (ತುಸು ಕ್ರೂರ ಸುಖ, ಒಪ್ಪುತ್ತೇನೆ) ಎರಡು ಬಾರಿ ಹೋಗಿಬಂದೆ. ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಂದೇ ಮಹಾನಗರ ಪಾಲಿಕೆ ಒಡೆದು ಐದಾಯಿತು. 24ರಂದು ಎಸ್.ಎಲ್. ಭೈರಪ್ಪ ಹೋದರು. ಅವರೊಂದಿಗೆ ಮನಸ್ಸಿನಲ್ಲೇ ಜಗಳವಾಡುತ್ತ ಓದಿದವನು ನಾನು. ಆ ರಾತ್ರಿ ಪುಸ್ತಕದ ಕಪಾಟಿನ ಮುಂದೆ ಸುಮ್ಮನೆ ನಿಂತಿದ್ದೆ.