ಹಳೇ ಮಿಯಾಟಾಗೆ ಬೇರೆ ಸೀಟು: ಡ್ರೈವರ್ ಕಡೆ ಮುಗಿಯಿತು

ನನ್ನ 1992ರ ಮಜ್ದಾ ಮಿಯಾಟಾಗೆ (ಬಟ್ಟೆಯ ಟಾಪ್ ಮಡಚಿಡಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು) ಡ್ರೈವರ್ ಸೀಟು ಬದಲಾಯಿಸಿ ಆಯಿತು. ಪ್ಯಾಸೆಂಜರ್ ಸೀಟು ಇನ್ನೂ ಗ್ಯಾರೇಜಿನ ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಡೆ ಈ ಕಾರು ಇಟ್ಟುಕೊಂಡಿರುವ ಗೆಳೆಯರು ಯಾವ ಸೀಟು ಹಾಕಿದೆ, ಹೇಗೆ ಹಾಕಿದೆ ಅಂತ ಕೇಳುತ್ತಲೇ ಇದ್ದಾರೆ. ಎರಡನೆಯದಕ್ಕೆ ಕೈ ಹಾಕುವ ಮೊದಲು ಇಲ್ಲಿಯವರೆಗಿನದ್ದನ್ನು ಬರೆದಿಡುತ್ತಿದ್ದೇನೆ.

ಈ ಕಾರಿನಲ್ಲಿ ಸೀಟಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. 1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೋ ಶೋದಲ್ಲಿ ಮಜ್ದಾ ಇದನ್ನು ಮೊದಲು ತೋರಿಸಿತು. 1997ರವರೆಗೆ ಬಂದ ಮೊದಲ ತಲೆಮಾರಿಗೆ ಎಲ್ಲರೂ ಎನ್‌ಎ ಅಂತಾರೆ. ನನ್ನ ಕಾರಿನದ್ದು 1.6 ಲೀಟರ್ ಎಂಜಿನ್, ಎರಡೇ ಸೀಟು, ತೂಕ ಒಂದು ಟನ್ನಿಗಿಂತ ಕಡಿಮೆ. ಹಗುರ ಮಾಡುವ ಹಟದಲ್ಲಿ ಕೆಲವು ಸೌಕರ್ಯ ಬಿಟ್ಟಿದ್ದಾರೆ. ಅದರಲ್ಲೊಂದು ಸ್ಟಿಯರಿಂಗ್ ಹೊಂದಾಣಿಕೆ. ಇದರ ಸ್ಟಿಯರಿಂಗ್ ಮೇಲೆ ಕೆಳಗೆ ಆಗಲ್ಲ, ಹಿಂದೆ ಮುಂದೆಯೂ ಬರಲ್ಲ. ಮೇಲೆ ಕೆಳಗೆ ಮಾಡುವ ಅನುಕೂಲ ಮೂರನೇ ತಲೆಮಾರಿನಲ್ಲಿ ಬಂತು, ಹಿಂದೆ ಮುಂದೆ ಎಳೆಯುವುದು 2019ರ ಮಾಡೆಲ್‌ನಲ್ಲಿ. ಅಂದರೆ ನಮ್ಮ ಎನ್‌ಎಯಲ್ಲಿ ಮೈಗೆ ತಕ್ಕಂತೆ ಹೊಂದಿಸಿಕೊಳ್ಳಲು ಇರುವುದು ಸೀಟು ಒಂದೇ. ಅದೂ ಮುಂದೆ ಹಿಂದೆ ಜರುಗುತ್ತದೆ, ಬೆನ್ನು ಒರಗುತ್ತದೆ, ಅಷ್ಟೇ. ಸೀಟು ಸರಿಯಿಲ್ಲದಿದ್ದರೆ ಸ್ಟಿಯರಿಂಗ್ ದೂರ, ಪೆಡಲ್ ಹತ್ತಿರ, ತಲೆ ಮೇಲಿನ ಟಾಪಿಗೆ ತಾಗುತ್ತದೆ. ಎಷ್ಟು ಒಳ್ಳೆ ಸಸ್ಪೆನ್ಷನ್ ಹಾಕಿದರೂ ಆ ಕಾರು ಓಡಿಸುವ ಖುಷಿ ಅರ್ಧ ಹೋದ ಹಾಗೆ.

ನನ್ನ ಹಳೇ ಸೀಟಿನ ಸ್ಥಿತಿ ಹೀಗಿತ್ತು. ಬಾಗಿಲ ಕಡೆಯ ಅಂಚಿನಲ್ಲಿ ಬಟ್ಟೆ ಹರಿದು, ಫೋಮ್ ಸವೆದು, ಒಳಗಿನ ಕಬ್ಬಿಣದ ಸರಳು ತೊಡೆಗೆ ಒತ್ತುತ್ತಿತ್ತು. ಇಷ್ಟು ತಗ್ಗಿನ ಕಾರಿನಲ್ಲಿ ಹತ್ತುವಾಗ ಇಳಿಯುವಾಗ ಎಲ್ಲರೂ ಅದೇ ಅಂಚಿನ ಮೇಲೆ ಜಾರುತ್ತಾರೆ, ಹಾಗಾಗಿ ಮೊದಲು ಸಾಯುವುದು ಅದೇ. ಸೀಟಿನ ಕೆಳಗೆ ಕಾರ್ಪೆಟ್ ಮೇಲೆ ಹಳದಿ ಪುಡಿ ಬಿದ್ದಿರುತ್ತಿತ್ತು. ಪ್ರತಿ ಸಲ ಕೂತಾಗಲೂ ಒಳಗಿನ ಹಳೇ ಫೋಮ್ ಒಂದಿಷ್ಟು ಉದುರುತ್ತಿತ್ತು. ಬೆರಳಲ್ಲಿ ಒತ್ತಿದರೆ ಒಣಗಿದ ರೊಟ್ಟಿಯ ಹಾಗೆ ಮುರಿಯುತ್ತಿತ್ತು.

ಯಾವ ಸೀಟು ಹಾಕುವುದು

ಮೂರು ದಾರಿ ಯೋಚಿಸಿದ್ದೆ. ಮೊದಲನೆಯದು ಲೋಟಸ್ ಎಲಿಸ್ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಸೀಟು. ಮಿಯಾಟಾದವರ ನಡುವೆ ಇದಕ್ಕೆ ತುಂಬ ಹೆಸರಿದೆ. ತೆಳ್ಳಗಿದೆ, ತಗ್ಗಿನಲ್ಲಿ ಕೂರಿಸುತ್ತದೆ, ನೋಡಲೂ ಚೆಂದ. ಆದರೆ ಎಲಿಸ್‌ನಲ್ಲಿ ಡ್ರೈವರ್ ಸೀಟು ಮಾತ್ರ ಜರುಗುತ್ತದೆ, ಪ್ಯಾಸೆಂಜರ್ ಸೀಟು ಒಂದೇ ಕಡೆ ನಿಂತಿರುತ್ತದೆ. ಬೆನ್ನು ಒರಗಿಸುವ ಹಾಗೂ ಇಲ್ಲ. ಮಿಯಾಟಾದ ನೆಲಕ್ಕೆ ಕೂರಿಸಲು ಬ್ರಾಕೆಟ್ ಮಾಡಿಸಬೇಕು. ಬೆಲೆಯಂತೂ ಕೇಳಲೇಬೇಡಿ.

ಎರಡನೆಯದು ರೇಸ್ ಬಕೆಟ್, ಅಂದರೆ ಮೈಯನ್ನು ಬಿಗಿಯಾಗಿ ಹಿಡಿಯುವ ರೇಸಿಂಗ್ ಸೀಟು. ಟ್ರ್ಯಾಕಿಗೆ ಹೋಗುವವರಿಗೆ, ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಕಬ್ಬಿಣದ ಕಮಾನು) ಮತ್ತು ಭುಜದ ಮೇಲಿಂದ ಬರುವ ಹಾರ್ನೆಸ್ ಬೆಲ್ಟ್ ಇರುವವರಿಗೆ ಅದು ಸರಿ. ರಸ್ತೆ ಮೇಲೆ ಮೂರು ಪಾಯಿಂಟ್ ಬೆಲ್ಟ್ ಹಾಕಿಕೊಂಡು ಓಡಿಸುವ ನನ್ನಂಥವರಿಗೆ ಅದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಸೀಟಿನ ಬಣ್ಣ, ಹೊಲಿಗೆ, ತೂಕದ ಬಗ್ಗೆಯೇ ಮಾತಾಡುತ್ತಾರೆ, ಇದನ್ನು ಕೇಳುವವರು ಕಡಿಮೆ.

ಮಿಯಾಟಾದಲ್ಲಿ ಸೀಟ್ ಬೆಲ್ಟಿನ ಬಕಲ್ ಕಾರಿನ ನೆಲಕ್ಕೆ ಸೇರಿಲ್ಲ, ಸೀಟಿಗೇ ಬೋಲ್ಟ್ ಆಗಿದೆ. ಅಪಘಾತದಲ್ಲಿ ನಿಮ್ಮ ಮೈಭಾರ ಬೆಲ್ಟಿಗೆ ಬೀಳುತ್ತದೆ, ಬೆಲ್ಟಿನಿಂದ ಬಕಲ್‌ಗೆ, ಬಕಲ್‌ನಿಂದ ಸೀಟ್ ರೈಲಿಗೆ (ಸೀಟು ಜರುಗುವ ಕೆಳಗಿನ ಹಳಿ), ಅಲ್ಲಿಂದ ನೆಲದ ನಾಲ್ಕು ಬೋಲ್ಟಿಗೆ. ಅಮೆರಿಕದ ವಾಹನ ಸುರಕ್ಷತಾ ನಿಯಮ 207ರ ಪ್ರಕಾರ ಸೀಟು ತನ್ನ ತೂಕದ 20 ಪಟ್ಟು ಬಲವನ್ನು ತಡೆಯಬೇಕು. ನಿಯಮ 210ರ ಪ್ರಕಾರ ಸೊಂಟದ ಪಟ್ಟಿ, ಭುಜದ ಪಟ್ಟಿ ಎರಡನ್ನೂ ತಲಾ 3,000 ಪೌಂಡ್ ಬಲದಲ್ಲಿ ಒಟ್ಟಿಗೆ ಎಳೆದರೂ ಬೆಲ್ಟಿನ ಆಂಕರ್ (ಬೆಲ್ಟನ್ನು ಬಿಗಿದಿರುವ ಜಾಗ) ಕಿತ್ತು ಬರಬಾರದು. ಬೆಲ್ಟು ಸೀಟಿಗೆ ಸೇರಿದ್ದರೆ ಸೀಟಿನ ಬುಡ ಎರಡೂ ಭಾರವನ್ನು ಒಟ್ಟಿಗೆ ಹೊರಬೇಕು. ಮಜ್ದಾದವರು ಮಾಡಿದ ರೈಲು ಈ ಲೆಕ್ಕಕ್ಕೆ ಪಾಸಾಗಿ ಬಂದಿದೆ. ಯಾರೋ ಗ್ಯಾರೇಜಿನಲ್ಲಿ ಬಾಗಿಸಿದ ತೆಳು ತಗಡಿನ ಬ್ರಾಕೆಟ್ ಪಾಸಾಗಿದೆ ಅಂತ ಹೇಳುವವರು ಯಾರು? ಅದಕ್ಕೇ ಕಾರ್ಖಾನೆಯ ರೈಲು, ಕಾರ್ಖಾನೆಯ ಬಕಲ್ ಜಾಗ, ಇವೆರಡನ್ನೂ ಮುಟ್ಟಬಾರದು ಅಂತ ನಿರ್ಧಾರ ಮಾಡಿದೆ.

ಉಳಿದದ್ದು ಮೂರನೇ ದಾರಿ, ಎನ್‌ಬಿ ಸೀಟು. ಅಂದರೆ ಎರಡನೇ ತಲೆಮಾರಿನ ಮಿಯಾಟಾದ್ದು. ಅಮೆರಿಕದಲ್ಲಿ 1999ರಿಂದ 2005ರವರೆಗಿನ ಮಾಡೆಲ್‌ಗಳು. ಬೋಲ್ಟಿನ ತೂತುಗಳು ಎನ್‌ಎ ನೆಲಕ್ಕೆ ನೇರ ಕೂರುತ್ತವೆ, ವೆಲ್ಡಿಂಗ್ ಬೇಡ, ಬ್ರಾಕೆಟ್ ಬೇಡ. ಪಕ್ಕದ ದಿಂಬುಗಳು ನಮ್ಮದಕ್ಕಿಂತ ದಪ್ಪ, ತಿರುವಿನಲ್ಲಿ ಮೈಯನ್ನು ಚೆನ್ನಾಗಿ ಹಿಡಿಯುತ್ತವೆ. ಸೀಟಿನಲ್ಲಿ ಏರ್‌ಬ್ಯಾಗ್ ಇಲ್ಲ, ಆ ತಲೆನೋವು ಇಲ್ಲ. ಮೂರನೇ ತಲೆಮಾರಿನ ಸೀಟಿನಲ್ಲಿ ಏರ್‌ಬ್ಯಾಗ್ ಇದೆ, ಹಾಗಾಗಿ ಅದರ ತಂಟೆಗೆ ಹೋಗಲಿಲ್ಲ.

ಜಂಕ್‌ಯಾರ್ಡಿನಲ್ಲಿ

ಕಪ್ಪು ಬಟ್ಟೆಯ ಒಂದು ಜೊತೆ 2002ರ ಕಾರಿನಲ್ಲಿ ಸಿಕ್ಕಿತು. ಜೊತೆಗೆ ಬಂದಿದ್ದ ದಾವಣಗೆರೆ ಗೆಳೆಯನಿಗೆ ಅದರ ಪಕ್ಕದ ಕಾರಿನ ಕಂದು ಲೆದರ್ ಸೀಟಿನ ಮೇಲೆ ಕಣ್ಣು. "ಲೋ, ಇದನ್ನೇ ತಗೊಳ್ಳೋ, ಎಷ್ಟ್ ಚೆನ್ನಾಗೈತೆ ನೋಡು" ಅಂದ. ಆದರೆ ಆ ಕಾರಿಗೆ ಹಿಂದಿನಿಂದ ಗುದ್ದಿತ್ತು. ಹಿಂದಿನಿಂದ ಪೆಟ್ಟು ಬಿದ್ದರೆ ಕೂತವರ ಪೂರ್ತಿ ಭಾರ ಸೀಟಿನ ಬೆನ್ನಿಗೆ ಬೀಳುತ್ತದೆ. ಬೆನ್ನಿನ ಚೌಕಟ್ಟು ಕಣ್ಣಿಗೆ ಕಾಣದಷ್ಟು ಬಾಗಿರಬಹುದು. "ಬೇಡ ಕಣೋ, ಚೆಂದಕ್ಕೆ ಅಲ್ಲ ಸೀಟು" ಅಂದೆ. ನಾನು ತೆಗೆದುಕೊಂಡ ಕಾರಿಗೆ ಡಿಕ್ಕಿಯ ಗುರುತೇ ಇರಲಿಲ್ಲ.

ಅಲ್ಲೇ ನೋಡಿಕೊಂಡದ್ದು ಇಷ್ಟು: ಬೆನ್ನಿನ ಎರಡೂ ಬದಿ ಒಂದೇ ಎತ್ತರದಲ್ಲಿದೆಯೇ, ಎರಡೂ ರೈಲು ಸಲೀಸಾಗಿ ಜರುಗುತ್ತವೆಯೇ, ಎರಡು ಕಡೆಯ ಲಾಕೂ ಒಟ್ಟಿಗೆ ಕಟ್ ಅಂತ ಬೀಳುತ್ತದೆಯೇ, ಸೀಟಿನಡಿ ಕೆಸರಿನ ಗೆರೆ ಇದೆಯೇ. ಕೆಸರಿನ ಗೆರೆ ಇದ್ದರೆ ಕಾರು ನೀರಿನಲ್ಲಿ ಮುಳುಗಿತ್ತು ಅಂತ ಅರ್ಥ, ಮೇಲೆ ಬಟ್ಟೆ ಎಷ್ಟೇ ಸ್ವಚ್ಛ ಇದ್ದರೂ ಬಿಟ್ಟುಬಿಡಿ.

ಹಳೆಯದನ್ನು ಬಿಚ್ಚಿದ್ದು

ಬೇಕಾದದ್ದು 14 ಎಂಎಂ ಸಾಕೆಟ್, ಉದ್ದ ಎಕ್ಸ್‌ಟೆನ್ಷನ್, ತುಕ್ಕು ಬಿಡಿಸುವ ಆಯಿಲ್. ಹಿಂದಿನ ರಾತ್ರಿಯೇ ನಾಲ್ಕೂ ಬೋಲ್ಟಿಗೆ ಆಯಿಲ್ ಬಿಟ್ಟಿದ್ದೆ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಮುಂದಿನ ಎರಡು, ಆಮೇಲೆ ಪೂರ್ತಿ ಮುಂದಕ್ಕೆ ತಂದು ಹಿಂದಿನ ಎರಡು. ಸೀಟನ್ನು ಹಿಂದಕ್ಕೆ ವಾಲಿಸಿ ಕೆಳಗಿನ ವೈರುಗಳನ್ನು ಬಿಡಿಸಬೇಕು. ನನ್ನ ಕಾರಿನಲ್ಲಿ ಹೆಡ್‌ರೆಸ್ಟ್ ಒಳಗೆ ಸ್ಪೀಕರ್ ಇದ್ದವು, ಅದಕ್ಕೊಂದು ಕನೆಕ್ಟರ್. ಬಕಲ್‌ನ ಎಚ್ಚರಿಕೆ ದೀಪಕ್ಕೆ ಇನ್ನೊಂದು. ಟಾಪ್ ತೆರೆದಿದ್ದರೆ ಸೀಟನ್ನು ನೇರ ಮೇಲಕ್ಕೆ ಎತ್ತಬಹುದು. ಬಾಗಿಲಿನಿಂದ ಎಳೆದರೆ ರೈಲಿನ ತುದಿ ಪೇಂಟಿಗೆ ತಾಗುತ್ತದೆ. ಬಾಗಿಲ ಹೊಸ್ತಿಲಿಗೆ ಒಂದು ಹಳೇ ಟವೆಲ್ ಹಾಸಿಕೊಳ್ಳುವುದು ಒಳ್ಳೆಯದು.

ಸೀಟು ಹೊರಗೆ ಬಂದಾಗ ನೋಡಲೇಬೇಕಾದ ಇನ್ನೊಂದು ಜಾಗ ಇದೆ. ಮಿಯಾಟಾದ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದೆ ಎರಡು ಮೂಲೆಯಲ್ಲಿರುವ ಡ್ರೇನ್‌ಗಳ ಮೂಲಕ ಕೆಳಗೆ ಹೋಗಬೇಕು. ಅಲ್ಲಿ ಎಲೆ, ಧೂಳು ಕಟ್ಟಿಕೊಂಡರೆ ನೀರು ಒಳಗೆ ಇಳಿದು ಕಾರ್ಪೆಟ್ ಕೆಳಗೆ ನಿಲ್ಲುತ್ತದೆ, ಹೊಸ್ತಿಲ ಪಟ್ಟಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕಾರ್ಪೆಟ್ ಎತ್ತಿ ಕೈ ಆಡಿಸಿದೆ. ಡ್ರೈವರ್ ಕಡೆ ಒಣಗಿತ್ತು. ಪ್ಯಾಸೆಂಜರ್ ಕಡೆ ಮೂಲೆಯಲ್ಲಿ ತೇವ. ಆ ಬದಿಯ ಡ್ರೇನಿಗೆ ಪ್ಲಾಸ್ಟಿಕ್ ಕಡ್ಡಿ ಮೆಲ್ಲಗೆ ಇಳಿಸಿ, ಬಿಸಿನೀರು ಬಿಟ್ಟೆ. ಕಪ್ಪು ಗಸಿ ಹೊರಗೆ ಬಂತು. ಚೂಪಾದ ತಂತಿ ಹಾಕಬೇಡಿ, ಒಳಗಿನ ರಬ್ಬರ್ ಕೊಳವೆ ತೂತಾದರೆ ಇನ್ನೊಂದು ಕೆಲಸ ಹುಟ್ಟುತ್ತದೆ.

ಫೋಮ್ ಕೊಯ್ದದ್ದು

ಇಡೀ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದು. ನಾನು ಆರಡಿ ಇದ್ದೇನೆ. ಎನ್‌ಬಿ ಸೀಟಿನ ಫೋಮ್ ಗಟ್ಟಿಮುಟ್ಟಾಗಿತ್ತು. ಹಳೇ ಸೀಟಿನಲ್ಲಿ ಕುಸಿದು ಕೂತಿದ್ದ ನಾನು ಇದರಲ್ಲಿ ಎತ್ತರಕ್ಕೆ ಬಂದೆ. ಸೀಟನ್ನು ಸುಮ್ನೆ ಜಾಗದಲ್ಲಿಟ್ಟು ಟಾಪ್ ಮುಚ್ಚಿ ಕೂತು ನೋಡಿದರೆ ಕೂದಲು ಬಟ್ಟೆಗೆ ಸವರುತ್ತಿತ್ತು. ಕಣ್ಣಿನ ನೇರಕ್ಕೆ ಗಾಜಿನ ಮೇಲಂಚು. ಸಿಗ್ನಲ್ ದೀಪ ನೋಡಲು ತಲೆ ಬಗ್ಗಿಸಬೇಕು. ಎತ್ತರದವರೆಲ್ಲ ಇದಕ್ಕೆ ಮಾಡುವ ಉಪಾಯ ಒಂದೇ, ಕೂರುವ ಜಾಗದ ಫೋಮನ್ನು ಕೆಳಗಿನಿಂದ ಕೊಯ್ಯುವುದು.

ಕವರನ್ನು ಚೌಕಟ್ಟಿಗೆ ಹಿಡಿದಿರುವುದು ಹಾಗ್ ರಿಂಗ್ ಅನ್ನುವ ಸಣ್ಣ ತಂತಿ ಉಂಗುರಗಳು. ಅವನ್ನು ಒಂದೊಂದಾಗಿ ಕತ್ತರಿಸಿ ಕವರ್ ಬಿಡಿಸಿದೆ. ಕವರಿನ ಹೊಲಿಗೆಯೊಳಗೆ ಉದ್ದ ತಂತಿ ಇರುತ್ತದೆ, ಅದನ್ನು ಜೋಪಾನವಾಗಿ ಇಡಿ. ಆಮೇಲೆ ಬಟ್ಟೆ ನೆರಿಗೆ ಬೀಳದೆ ಎಳೆದು ನಿಲ್ಲುವುದು ಅದರಿಂದಲೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟು ಹೊಲಿಯುವವರು ಇದೇ ತಂತಿಯನ್ನು ಕಣ್ಣು ಮುಚ್ಚಿ ಪೋಣಿಸುವುದನ್ನು ಕಾಲೇಜು ದಿನಗಳಲ್ಲಿ ನಿಂತು ನೋಡುತ್ತಿದ್ದೆ. ಆ ಕೈಚಳಕಕ್ಕೆ ಈಗ ಇನ್ನೂ ಹೆಚ್ಚಿನ ಗೌರವ ಬಂದಿದೆ.

ಫೋಮನ್ನು ಬೋರಲು ಹಾಕಿ, ಕೂತಾಗ ಸೊಂಟದ ಮೂಳೆ ಒತ್ತುವ ಜಾಗ ಗುರುತು ಮಾಡಿಕೊಂಡೆ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವಿನಲ್ಲಿ ತೆಳುವಾಗಿ ಪದರ ಪದರ ತೆಗೆದೆ. ಒಂದು ಪದರ ತೆಗೆಯುವುದು, ಚೌಕಟ್ಟಿನಲ್ಲಿಟ್ಟು ಕಾರಿನಲ್ಲಿ ಕೂತು ನೋಡುವುದು, ಮತ್ತೆ ತೆಗೆಯುವುದು. ಹಿಂದುಗಡೆ ಜಾಸ್ತಿ, ಮುಂದೆ ಬರುತ್ತಾ ಕಡಿಮೆ. ತೊಡೆ ಊರುವ ಮುಂಭಾಗವನ್ನು ಮುಟ್ಟಲೇ ಇಲ್ಲ, ಅಲ್ಲಿ ಆಸರೆ ಹೋದರೆ ಅರ್ಧ ಗಂಟೆಯಲ್ಲಿ ಸೊಂಟ ನೋಯುತ್ತದೆ. ಪಕ್ಕದ ದಿಂಬನ್ನೂ ಮುಟ್ಟಲಿಲ್ಲ. ಕೊನೆಗೆ ಟಾಪಿಗೂ ತಲೆಗೂ ನಡುವೆ ನಾಲ್ಕು ಬೆರಳು ಜಾಗ ಸಿಕ್ಕಿತು. ಗಾಜಿನ ಮೇಲಂಚು ಕಣ್ಣಿನ ನೇರದಿಂದ ಮೇಲಕ್ಕೆ ಹೋಯಿತು.

ಬಕಲ್ ಮತ್ತು ಬೋಲ್ಟ್

ಎನ್‌ಬಿ ಸೀಟಿನ ಜೊತೆ ಅದರದೇ ಬಕಲ್ ಬಂದಿತ್ತು. ಅದನ್ನು ತೆಗೆದು, ನನ್ನ ಕಾರಿನ ಬಕಲನ್ನು ಅದೇ ಜಾಗಕ್ಕೆ ಹಾಕಿದೆ. ಬೆಲ್ಟಿನ ನಾಲಿಗೆ, ಬಕಲ್ ಎರಡೂ ಒಂದೇ ಕಾರಿನ ಜೋಡಿಯಾಗಿರಬೇಕು. ಕ್ಲಿಕ್ ಅಂದ ಮಾತ್ರಕ್ಕೆ ಸರಿ ಹಿಡಿದಿದೆ ಅಂತಲ್ಲ. ವೈರೂ ಹಾಗೇ ನನ್ನ ಕಾರಿನ ಕನೆಕ್ಟರಿಗೆ ಸೇರಿತು, ಎಚ್ಚರಿಕೆ ದೀಪ ಮೊದಲಿನಂತೆ ಕೆಲಸ ಮಾಡುತ್ತಿದೆ.

ಕೂರಿಸುವಾಗ ಗಮನ ಕೊಡಬೇಕಾದ ಸಂಗತಿ ರೈಲುಗಳ ಜೋಡಿ. ಸೀಟು ಹೊರಗಿದ್ದಾಗ ಒಂದು ರೈಲು ಇನ್ನೊಂದಕ್ಕಿಂತ ಒಂದು ಹಲ್ಲು ಮುಂದೆ ಹೋಗಿಬಿಡಬಹುದು. ಹಾಗೇ ಬಿಗಿದರೆ ಒಂದು ಲಾಕ್ ಬಿದ್ದು ಇನ್ನೊಂದು ಬೀಳುವುದಿಲ್ಲ. ಎರಡನ್ನೂ ಪೂರ್ತಿ ಹಿಂದಕ್ಕೆ ತಳ್ಳಿ, ಒಂದೇ ಹಲ್ಲಿನಲ್ಲಿ ನಿಂತಿವೆ ಅಂತ ನೋಡಿಕೊಂಡೇ ಕಾರಿನೊಳಗೆ ಇಳಿಸಿದೆ. ನಾಲ್ಕೂ ಬೋಲ್ಟನ್ನು ಮೊದಲು ಬರೀ ಕೈಯಲ್ಲಿ ತಿರುಗಿಸಿದೆ. ಕೈಯಲ್ಲಿ ಸಲೀಸಾಗಿ ಹೋಗದ ಬೋಲ್ಟಿಗೆ ರ್ಯಾಚೆಟ್ ಹಾಕಲೇಬಾರದು, ನೆಲದಲ್ಲಿನ ಬೋಲ್ಟಿನ ಮರೆ (ಥ್ರೆಡ್) ಹಾಳಾದರೆ ರಿಪೇರಿ ದೊಡ್ಡದು. ಸೀಟನ್ನು ಹಿಂದೆ ಮುಂದೆ ಜರುಗಿಸಿ ಲಾಕ್ ನೋಡಿ, ಆಮೇಲೆ ಟಾರ್ಕ್ ರೆಂಚ್, ಅಂದರೆ ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನ. ಮಜ್ದಾದ ಲೆಕ್ಕ 38ರಿಂದ 51 ನ್ಯೂಟನ್ ಮೀಟರ್. ನಡುವೆ 45ಕ್ಕೆ ಬಿಗಿದೆ.

ದಪ್ಪ ದಿಂಬಿನಿಂದ ಬಾಗಿಲ ಕಡೆ ಜಾಗ ಸ್ವಲ್ಪ ಇಕ್ಕಟ್ಟಾಗಿದೆ. ಸೀಟಿಗೂ ಬಾಗಿಲಿಗೂ ನಡುವೆ ಬೆರಳು ಹೋಗುತ್ತದೆ, ಅಂಗೈ ಹೋಗಲ್ಲ. ಒರಗಿಸುವ ಲಿವರ್ ಹಿಡಿಯಲು ಬಾಗಿಲು ತೆರೆಯಬೇಕು. ನನಗೆ ಅದು ತೊಂದರೆ ಅನ್ನಿಸಿಲ್ಲ, ದಪ್ಪ ಕೈಯವರು ಮೊದಲೇ ಅಳೆದು ನೋಡಿ.

ಓಡಿಸಿದ್ದು

ಭಾನುವಾರ ಬೆಳಿಗ್ಗೆ ನೈಲ್ಸ್ ಕ್ಯಾನಿಯನ್ ಹಿಡಿದು ಸುನೋಲ್, ಅಲ್ಲಿಂದ ಕಲವೆರಸ್ ರಸ್ತೆ. ಕಣಿವೆಯ ಪಕ್ಕ ಸುತ್ತಿಕೊಂಡು ಹೋಗುವ ಕಿರಿದಾದ ರಸ್ತೆ ಅದು. ಮೊದಲು ಬಲ ತಿರುವು ಬಂದರೆ ಎಡ ಮೊಣಕಾಲನ್ನು ಬಾಗಿಲಿಗೆ ಒತ್ತಿ ಮೈ ಹಿಡಿದುಕೊಳ್ಳುತ್ತಿದ್ದೆ, ಜೊತೆಗೆ ಸ್ಟಿಯರಿಂಗನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದೆ. ಈಗ ಸೊಂಟವನ್ನು ಸೀಟು ಹಿಡಿಯುತ್ತದೆ. ಕೈ ಸಡಿಲವಾಗಿದೆ. ಕೈ ಸಡಿಲವಾದ ಮೇಲೆ ಮುಂದಿನ ಟಯರ್ ಏನು ಮಾಡುತ್ತಿದೆ ಅನ್ನುವುದು ಸ್ಟಿಯರಿಂಗಿನಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಇಷ್ಟು ವರ್ಷ ಇದೇ ಕಾರು ಓಡಿಸಿದ್ದೇನೆ, ಆದರೂ ಆ ರಸ್ತೆಯ ಕೆಲವು ಉಬ್ಬುಗಳು ಕೈಗೆ ಗೊತ್ತಾದದ್ದು ಈಗಲೇ. ತುಂಬಾ ಖುಷಿಯಾಯಿತು.

ಕಳೆದುಕೊಂಡದ್ದು ಹೆಡ್‌ರೆಸ್ಟ್ ಸ್ಪೀಕರ್. ಟಾಪ್ ತೆಗೆದು ಹೈವೇಯಲ್ಲಿ ಹೋಗುವಾಗ ಗಾಳಿಯ ಸದ್ದಿನಲ್ಲೂ ಹಾಡು ಕಿವಿಗೆ ಬೀಳುತ್ತಿದ್ದದ್ದು ಅದರಿಂದ. ಸದ್ಯಕ್ಕೆ ವೈರಿನ ತುದಿಗಳಿಗೆ ಟೇಪ್ ಸುತ್ತಿ ಕಾರ್ಪೆಟ್ ಕೆಳಗೆ ಕಟ್ಟಿಟ್ಟಿದ್ದೇನೆ, ಕತ್ತರಿಸಿಲ್ಲ. ಹಳೇ ಸೀಟುಗಳನ್ನೂ ಮಾರುವುದಿಲ್ಲ. ಇಷ್ಟು ಹಳೆಯ ಕಾರಿಗೆ ಅದರದೇ ಸೀಟು ಜೊತೆಗಿರಬೇಕು. ಮುಂದೆ ಹೊಸ ಫೋಮ್ ಹಾಕಿಸಿ ಸರಿ ಮಾಡುವ ಆಸೆ ಇದೆ.

ಪ್ಯಾಸೆಂಜರ್ ಸೀಟಿನ ಬಟ್ಟೆ ತೊಳೆದಾಗಿದೆ, ಒಣಗಬೇಕು. ಅದರ ಫೋಮ್ ಕೊಯ್ಯುವುದಿಲ್ಲ. ನನ್ನಾಕೆ ಐದಡಿ ಎರಡಿಂಚು, ಅವಳಿಗೆ ಎತ್ತರವೇ ಬೇಕು. ಆ ಕಡೆಯ ಕಾರ್ಪೆಟ್ ಕೆಳಗಿನ ತೇವ ಪೂರ್ತಿ ಆರಿ, ನೆಲದ ತುಕ್ಕು ಕೆರೆದು ಪ್ರೈಮರ್ ಬಳಿದ ಮೇಲೆ ಅದನ್ನು ಕೂರಿಸುತ್ತೇನೆ.