ಹೂಳಿಗೆ ಹಾಕಿದ ಸ್ಕ್ಯಾಂಡಿಯಂ, ತಳದ ನಂಗು ಮೀನಿಗೆ ಎಷ್ಟು ತಾಗುತ್ತದೆ?

ಡ್ರೆಜ್ಜರ್ ಬಂದರಿನ ಕಾಲುವೆಯಿಂದ ಎತ್ತಿದ ಹೂಳನ್ನು ಸಮುದ್ರಕ್ಕೆ ಸುರಿದರೆ ಅದು ಅಲ್ಲೇ ಕೂರುತ್ತದೋ, ಮತ್ತೆ ಕಾಲುವೆಗೇ ಮರಳುತ್ತದೋ? ಇದನ್ನು ತಿಳಿಯಲು ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಕೋಲ್ಕತ್ತವೂ ಸೇರಿದಂತೆ ನಮ್ಮ ಬಂದರುಗಳಲ್ಲಿ ಸ್ಕ್ಯಾಂಡಿಯಂ-46 ಎಂಬ ವಿಕಿರಣಶೀಲ ಧಾತು ಬಳಸಿದ್ದಾರೆ. ಸ್ಕ್ಯಾಂಡಿಯಂ ಬೆರೆತ ಗಾಜನ್ನು ಅಲ್ಲಿನ ಹೂಳಿನ ಕಣದ ಗಾತ್ರಕ್ಕೇ ಪುಡಿ ಮಾಡಿ, ವಿಕಿರಣಶೀಲವಾಗಲೆಂದು ರಿಯಾಕ್ಟರಿನಲ್ಲಿ ಇಟ್ಟು ತೆಗೆದು, ತಳಕ್ಕೆ ಬಿಡುತ್ತಾರೆ. ಆಮೇಲೆ ದೋಣಿಯಿಂದ ತಳದ ಮೇಲೆ ಡಿಟೆಕ್ಟರ್ ಎಳೆಯುತ್ತ ಜಾಡು ಹಿಡಿಯುವುದು. ಅರ್ಧಾಯು 83.8 ದಿನ, ಹೊರಸೂಸುವ ಗಾಮಾ ಕಿರಣಗಳ ಶಕ್ತಿ 889 ಮತ್ತು 1121 ಕೆಇವಿ (ಎರಡೂ ಕೂಡಿ 2.01 ಎಂಇವಿ).

ಈ ಅಳತೆಗಳಿಂದಲೇ ಮೀನಿಗೆ ತಾಗುವ ಡೋಸ್, ಅಂದರೆ ಮೈ ಹೀರುವ ವಿಕಿರಣ ಶಕ್ತಿ, ಲೆಕ್ಕ ಹಾಕಬಹುದು. ಅದರ ಅಳತೆ ಗ್ರೇ. ಲೆಕ್ಕಕ್ಕೆಂದು 100 ಗಿಗಾಬೆಕ್ವೆರೆಲ್ ಇಟ್ಟುಕೊಳ್ಳಿ (ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕ್ವೆರೆಲ್, ಗಿಗಾ ಅಂದರೆ ನೂರು ಕೋಟಿ). 100 ಮೀಟರ್ ಉದ್ದ, 100 ಮೀಟರ್ ಅಗಲ, 10 ಸೆಂ.ಮೀ. ಆಳಕ್ಕೆ ಬೆರೆತಿದೆ ಅನ್ನಿ. ಒದ್ದೆ ಹೂಳು ಘನ ಮೀಟರಿಗೆ 1600 ಕೆಜಿ ತೂಗಿದರೆ, ಕೆಜಿಗೆ 62,500 ಬೆಕ್ವೆರೆಲ್ ಬಂತು. ಇದನ್ನು ಗಾಮಾ ಶಕ್ತಿ 2.01 ಎಂಇವಿಯಿಂದಲೂ, ಅದನ್ನು ಗಂಟೆಯ ಮೈಕ್ರೊಗ್ರೇಗೆ ತಿರುಗಿಸುವ 0.000577ರಿಂದಲೂ ಗುಣಿಸಿದರೆ ಗಂಟೆಗೆ ಸುಮಾರು 72 ಮೈಕ್ರೊಗ್ರೇ. ನಂಗು ಚಪ್ಪಟೆ ಮೀನು, ಹೂಳಿನ ಮೇಲೆ ಮಲಗುತ್ತದೆ, ಮೇಲ್ಗಡೆ ಬರೀ ನೀರು. ಹಾಗಾಗಿ ಅದರರ್ಧ, 36. ಪದರ ಬರೀ 10 ಸೆಂ.ಮೀ. ಇರುವುದರಿಂದ ನಿಜವಾದದ್ದು ಇನ್ನೂ ಕಡಿಮೆ.

ಜೀವಿಗಳಿಗೆ ವಿಕಿರಣದ ಅಪಾಯ ಅಳೆಯುವ ಎರಿಕಾ ವಿಧಾನದ ಮೊದಲ ಜರಡಿ ಗಂಟೆಗೆ 10 ಮೈಕ್ರೊಗ್ರೇ. 36 ಅದನ್ನು ದಾಟಿತು, ನಿಜ. ಆದರೆ ಜರಡಿ ದಾಟಿದರೆ ಹಾನಿಯಾಯಿತು ಎಂದಲ್ಲ, ಇನ್ನಷ್ಟು ನೋಡಿ ಎಂದಷ್ಟೇ. ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಐಸಿಆರ್‌ಪಿ 2008ರಲ್ಲಿ ಚಪ್ಪಟೆ ಮೀನಿಗೆ ಕೊಟ್ಟ, ಹಾನಿಯ ಸಾಧ್ಯತೆ ಯೋಚಿಸಬೇಕಾದ ವ್ಯಾಪ್ತಿ ದಿನಕ್ಕೆ 1ರಿಂದ 10 ಮಿಲಿಗ್ರೇ, ಅಂದರೆ ಗಂಟೆಗೆ ಸುಮಾರು 40ರಿಂದ 400 ಮೈಕ್ರೊಗ್ರೇ. ಏಡಿಗೆ ಅದರ ಹತ್ತು ಪಟ್ಟು. ಬಂಗುಡೆ, ಬೂತಾಯಿಯ ಚಿಂತೆ ಬೇಡ. ತಳದಿಂದ ಒಂದು ಮೀಟರ್ ಮೇಲೆ ಈಜಿದರೂ ಗಾಮಾದ ಬಹುಪಾಲು ನೀರಿನಲ್ಲೇ ಇಂಗುತ್ತದೆ.

ಎಡವುವುದು ಹೆಚ್ಚಾಗಿ ಸಮಯದಲ್ಲಿ. ಹಾಕಿದ ಮೊದಲ ದಿನ ಪುಡಿ 20 ಮೀಟರ್ ಚೌಕದಲ್ಲೇ ಇದ್ದರೆ ಅಂಕಿ 25 ಪಟ್ಟು ಏರಿ 900 ಆಗುತ್ತದೆ. ಮುಂದೆ 500 ಮೀಟರ್ ಉದ್ದ, 300 ಮೀಟರ್ ಅಗಲಕ್ಕೆ ಹರಡಿದರೆ 2.4. ಎರಡರ ಸರಾಸರಿ ತೆಗೆದು ವರದಿಗೆ ಹಾಕುವುದು ನನ್ನ ಮಟ್ಟಿಗೆ ಮೋಸವೇ. ಒಂದೊಂದು ಸರ್ವೆಯ ನಕ್ಷೆಗೂ ಬೇರೆ ಲೆಕ್ಕ ಹಾಕಿ, ದಿನಗಳ ಮೇಲೆ ಕೂಡಿಸಬೇಕು.

ಇನ್ನೊಂದು ಮೋಸ ಹೂತುಹೋಗುವುದು. ಮೇಲೆ 30 ಸೆಂ.ಮೀ. ಹೊಸ ಹೂಳು ಕೂತರೆ ಡಿಟೆಕ್ಟರಿನ ಎಣಿಕೆ ಪಾತಾಳಕ್ಕಿಳಿಯುತ್ತದೆ. "ಹರಡಿಹೋಯಿತು" ಎಂದು ಬರೆದುಬಿಡುತ್ತಾರೆ. ನಂಗಿಗೆ ಅದು ಒಳ್ಳೆಯದೇ, ಆದರೆ ಬಿಲ ಕೊರೆಯುವ ಹುಳುವಿಗೆ ಈಗ ಸುತ್ತಲಿಂದಲೂ ತಾಗುತ್ತಿದೆ. ಅದಕ್ಕೆ ಅರ್ಧ ಮಾಡುವಂತಿಲ್ಲ. ಕೊಳವೆ ಇಳಿಸಿ ಹೂಳಿನ ಉದ್ದನೆಯ ಮಾದರಿ (ಕೋರ್) ತೆಗೆದು 2 ಸೆಂ.ಮೀ. ಬಿಲ್ಲೆಗಳಾಗಿ ಕೊಯ್ದು ಎಣಿಸದೆ ಇದು ಗೊತ್ತಾಗುವುದಿಲ್ಲ. ಕೊಳವೆ ಇಳಿಯುವಾಗ ಮೇಲಿನ ಪುಡಿಯನ್ನು ಗೋಡೆಗುಂಟ ಕೆಳಕ್ಕೆ ಎಳೆಯುತ್ತದೆ, ಹಾಗಾಗಿ ಪ್ರತಿ ಬಿಲ್ಲೆಯ ಅಂಚನ್ನು ಕೆತ್ತಿ ಬಿಸಾಡಿ. ಒಣಗಿಸಿ ಎಣಿಸಿದರೆ ಒದ್ದೆ ತೂಕಕ್ಕೆ ತಿರುಗಿಸುವುದನ್ನು ಮರೆಯಬೇಡಿ. ಮೆತ್ತನೆಯ ಕೆಸರಿನಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ನೀರೇ ಇರಬಹುದು.

ನೀರಿನಿಂದ ಮೀನಿನ ಮೈಗೆ ಎಷ್ಟು ಸೇರುತ್ತದೆ ಎಂಬ ಅನುಪಾತದ ಕೋಷ್ಟಕ ಇಲ್ಲಿ ಕೆಲಸಕ್ಕೆ ಬಾರದು. ಅದು ಕರಗಿದ ಧಾತುವಿಗೆ, ಸಮಸ್ಥಿತಿಗೆ ಬಂದ ನೀರಿಗೆ. ಗಾಜಿನ ಸ್ಕ್ಯಾಂಡಿಯಂ ಕರಗುವುದಿಲ್ಲವೆನ್ನುವಷ್ಟು ಕಡಿಮೆ. ಕೆಸರು ತಿನ್ನುವ ಹುಳುವಿನ ಕರುಳಲ್ಲಿ ಹೂಳಿನ ಜೊತೆ ಹೋಗಿ ಹೂಳಿನ ಜೊತೆಯೇ ಆಚೆ ಬರುತ್ತದೆ. ಕರುಳು ತುಂಬಿದ ಹುಳುವನ್ನು ಹಾಗೇ ಎಣಿಸಿ "ಮೈಗೆ ಸೇರಿದೆ" ಅಂದರೆ ತಪ್ಪು. ಶುದ್ಧ ಸಮುದ್ರದ ನೀರಲ್ಲಿ ಒಂದು ದಿನ ಬಿಟ್ಟು, ಕರುಳು ಖಾಲಿಯಾದ ಮೇಲೆ ಇನ್ನೊಮ್ಮೆ ಎಣಿಸಿ.

ಸ್ಕ್ಯಾಂಡಿಯಂ-46 ಗಾಮಾದ ಜೊತೆ ಬೀಟಾ ಕಣವನ್ನೂ ಸೂಸುತ್ತದೆ. ಅದರ ಶಕ್ತಿ ಸರಾಸರಿ 0.112 ಎಂಇವಿ, ನೀರಲ್ಲಿ ಹೆಚ್ಚೆಂದರೆ ಮಿಲಿಮೀಟರಿನಷ್ಟು ಓಡುತ್ತದೆ. ದೊಡ್ಡ ಮೀನಿಗೆ ಲೆಕ್ಕಕ್ಕಿಲ್ಲ. ಹೂಳಲ್ಲಿ ಹುದುಗಿದ ಮಿಲಿಮೀಟರ್ ಗಾತ್ರದ ಮೊಟ್ಟೆಗೆ ಮಾತ್ರ ಮೇಲಿನ 72ಕ್ಕೆ ಗಂಟೆಗೆ ಇನ್ನೊಂದು 4 ಮೈಕ್ರೊಗ್ರೇವರೆಗೆ ಸೇರಿಸಿ.