ಕಿಡ್ನಿ ಗೆಡ್ಡೆ, ಸಿಟಿ ಸ್ಕ್ಯಾನ್ ಮತ್ತು ಆ 99 ಪರ್ಸೆಂಟ್

ಕಿಡ್ನಿಯಲ್ಲಿ ಗೆಡ್ಡೆ ಇರುವುದು ಎಷ್ಟೋ ಸಲ ಗೊತ್ತಾಗುವುದೇ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ. ಹಾಸನದಲ್ಲಿ ನಾನು ಸಿಟಿ ಟೆಕ್ನಿಷಿಯನ್. ಆಲೂರು, ಅರಕಲಗೂಡು, ಸಕಲೇಶಪುರದ ಕಡೆಯವರು ಹೊಟ್ಟೆನೋವು ಅಂತ ಬರುತ್ತಾರೆ. ಕಲ್ಲಿರಬಹುದು ಅಂತ ನೋಡಿದರೆ ಕಿಡ್ನಿಯ ಅಂಚಿನಲ್ಲಿ ಒಂದು ಉಂಡೆ ಕಾಣುತ್ತದೆ. ರಿಪೋರ್ಟ್ ಬರೆಯುವುದು ರೇಡಿಯಾಲಜಿಸ್ಟ್ ಕೆಲಸ, ನನ್ನದಲ್ಲ. ಆದರೆ ಬಾಗಿಲ ಹತ್ತಿರ ನಿಂತು "ಸಾರ್, ಕ್ಯಾನ್ಸರಾ?" ಅಂತ ಕೇಳುವುದು ನನ್ನನ್ನೇ.

ಅದಕ್ಕೆ ಉತ್ತರ ರೇಡಿಯಾಲಜಿಸ್ಟ್‌ಗೂ ಸುಲಭವಲ್ಲ. 4 ಸೆಂಟಿಮೀಟರಿಗಿಂತ ಚಿಕ್ಕ ಗೆಡ್ಡೆಗಳನ್ನು ಆಪರೇಷನ್ ಮಾಡಿ ತೆಗೆದು ಲ್ಯಾಬಿಗೆ ಕಳಿಸಿದರೆ, ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಅಲ್ಲವೇ ಅಲ್ಲ ಅಂತ ಬರುತ್ತದೆ. ಕಂಪ್ಯೂಟರ್ ಇದನ್ನು ಚಿತ್ರ ನೋಡಿಯೇ ಹೇಳುವಂತಾದರೆ ಎಷ್ಟು ಜನಕ್ಕೆ ಆಪರೇಷನ್ ತಪ್ಪುತ್ತದೆ ಅಲ್ವಾ? ಅದಕ್ಕೇ ಉದಾಹರಣೆ ತೋರಿಸಿ ಕಂಪ್ಯೂಟರಿಗೆ ಕಲಿಸುವ ಮಷೀನ್ ಲರ್ನಿಂಗ್ ಅಂದರೆ ನಾನು ಕಿವಿಗೊಟ್ಟು ಕೇಳುತ್ತೇನೆ.

ನನ್ನ ಅಕ್ಕನ ಮಗಳು ಇಲ್ಲೇ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದಾಳೆ. ಅವಳ ಪ್ರಾಜೆಕ್ಟ್ ಕಿಡ್ನಿ ಗೆಡ್ಡೆಯ ಮೇಲೆ. ಒಂದು ಭಾನುವಾರ ಲ್ಯಾಪ್‌ಟಾಪ್ ತಂದು ತೋರಿಸಿದಳು.

"ಮಾವ, 99 ಪರ್ಸೆಂಟ್ ಅಕ್ಯುರಸಿ!"

"ಇದು ಯಾವ ಫೇಸ್‌ನಲ್ಲಿ ತೆಗೆದಿದ್ದು ಪುಟ್ಟಿ? ಪ್ಲೇನಾ, ಕಾಂಟ್ರಾಸ್ಟಾ?" ಅಂತ ಕೇಳಿದೆ. ಕಾಂಟ್ರಾಸ್ಟ್ ಅಂದರೆ ರಕ್ತನಾಳಕ್ಕೆ ಕೊಡುವ ಔಷಧಿ, ಅದು ಹರಿದ ಕಡೆ ಚಿತ್ರ ಹೊಳೆಯುತ್ತದೆ. ಅದನ್ನು ಕೊಡದೆ ತೆಗೆದದ್ದು ಪ್ಲೇನ್. ಕೊಟ್ಟು ಎಷ್ಟು ಹೊತ್ತಿಗೆ ತೆಗೆದದ್ದು ಅನ್ನುವುದೇ ಫೇಸ್.

"ಅದನ್ನ ಕೊಟ್ಟಿಲ್ಲ ಮಾವ. ಸುಮ್ನೆ ಜೆಪಿಜಿ ಇದೆ."

ಅವಳು ತೆಗೆದುಕೊಂಡಿದ್ದು ಡೇಟಾ ಹಂಚುವ ವೆಬ್‌ಸೈಟ್ ಕ್ಯಾಗಲ್‌ನಲ್ಲಿ ಸಿಗುವ, ಢಾಕಾದ ಆಸ್ಪತ್ರೆಗಳಿಂದ ಬಂದ ಚಿತ್ರಗಳ ಸಂಗ್ರಹ. ಒಟ್ಟು 12,446 ಚಿತ್ರ. ಸಾಮಾನ್ಯ ಕಿಡ್ನಿ 5,077, ಸಿಸ್ಟ್ (ನೀರುಗುಳ್ಳೆ) 3,709, ಗೆಡ್ಡೆ 2,283, ಕಲ್ಲು 1,377. ಕಲಿಯುವವರಿಗೆ ಇಷ್ಟು ಚಿತ್ರ ಒಂದೇ ಕಡೆ ಸಿಗುವುದು ದೊಡ್ಡ ಉಪಕಾರ. ಆದರೆ ಒಬ್ಬ ರೋಗಿಯ ಹೊಟ್ಟೆಯನ್ನು ಸ್ಕ್ಯಾನ್ ಮಾಡಿದರೆ ನೂರಾರು ಸ್ಲೈಸ್, ಅಂದರೆ ಅಡ್ಡ ಸೀಳಿನ ಚಿತ್ರಗಳು, ಬರುತ್ತವೆ. ಪಕ್ಕಪಕ್ಕದ ಸ್ಲೈಸ್‌ಗಳು ಹೆಚ್ಚುಕಡಿಮೆ ಒಂದೇ ಥರ. ಎಲ್ಲವನ್ನೂ ಕಲಸಿ ಒಂದಷ್ಟನ್ನು ಕಲಿಸೋಕೆ, ಉಳಿದದ್ದನ್ನು ಪರೀಕ್ಷೆಗೆ ಅಂತ ಭಾಗ ಮಾಡಿದರೆ ಅದೇ ರೋಗಿ ಎರಡೂ ಕಡೆ ಇರುತ್ತಾನೆ. ಮನೆಯಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲೂ ಕೊಟ್ಟ ಹಾಗೆ. ಹೊಸ ರೋಗಿ ಬಂದರೆ ಆ 99ರಲ್ಲಿ ಎಷ್ಟು ಉಳಿಯುತ್ತದೆ ಅಂತ ಇದರಿಂದ ತಿಳಿಯುವುದಿಲ್ಲ. ರೋಗಿವಾರು ಭಾಗ ಮಾಡೋಣ ಅಂದರೆ ಯಾವ ಚಿತ್ರ ಯಾರದು ಅನ್ನುವ ಗುರುತು ಅದರಲ್ಲಿಲ್ಲ.

ಇನ್ನೊಂದು ವಿಷಯ. ಕಲ್ಲು ಯಾವುದು, ಗೆಡ್ಡೆ ಯಾವುದು ಅಂತ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಕಣ್ಣಿಗೇ ಕಾಣುತ್ತದೆ. ಕಷ್ಟ ಇರುವುದು ಗೆಡ್ಡೆ ಗೆಡ್ಡೆಗಳ ನಡುವೆ. ಕಾಂಟ್ರಾಸ್ಟ್ ಕೊಟ್ಟು ಸುಮಾರು 30–40 ಸೆಕೆಂಡಿಗೆ ತೆಗೆದರೆ ಕ್ಲಿಯರ್ ಸೆಲ್ ಅನ್ನುವ ಜಾತಿಯ ಕ್ಯಾನ್ಸರ್ ಸಾಮಾನ್ಯವಾಗಿ ಜೋರಾಗಿ ಹೊಳೆಯುತ್ತದೆ, ಆಮೇಲೆ ಮಂಕಾಗುತ್ತದೆ. ಪ್ಯಾಪಿಲರಿ ಅನ್ನುವ ಜಾತಿ ಮೊದಲಿಂದಲೂ ಮಂಕು. ಆಂಕೋಸೈಟೋಮ ಕ್ಯಾನ್ಸರ್ ಅಲ್ಲ, ಆದರೂ ಕ್ರೋಮೋಫೋಬ್ ಕ್ಯಾನ್ಸರ್ ಥರವೇ ಕಂಡು ಎಲ್ಲರನ್ನೂ ಗೊಂದಲಕ್ಕೆ ತಳ್ಳುತ್ತದೆ. ಟೈಮಿಂಗ್ ತಪ್ಪಿದರೆ ಈ ಸುಳಿವು ಕೈತಪ್ಪುತ್ತದೆ. ನಾವು "ಉಸಿರು ಹಿಡೀರಿ, ಅಲ್ಲಾಡ್ಬೇಡಿ" ಅಂತ ಅಷ್ಟು ಸಲ ಹೇಳುವುದು ಸುಮ್ನೆ ಅಲ್ಲ.

ಜೆಪಿಜಿ ಮಾಡುವಾಗ ಹೋಗಿಬಿಡುವುದು ಇನ್ನೂ ಒಂದಿದೆ. ಸಿಟಿಯ ಮೂಲ ಫೈಲಿನಲ್ಲಿ ಪ್ರತಿ ಚುಕ್ಕಿಗೂ ಅಲ್ಲಿರುವುದು ಎಷ್ಟು ದಟ್ಟ ಅಂತ ಹೇಳುವ ಹೌನ್ಸ್‌ಫೀಲ್ಡ್ ಅಂಕಿ ಇರುತ್ತದೆ. ನೀರು 0, ಗಾಳಿ -1000, ಕೊಬ್ಬು -100ರ ಆಸುಪಾಸು. ಗೆಡ್ಡೆಯೊಳಗೆ ಕೊಬ್ಬಿನ ಅಂಕಿ ಸಿಕ್ಕಿತು ಅಂದರೆ ಅದು ಬಹುಮಟ್ಟಿಗೆ ಆಂಜಿಯೋಮಯೋಲಿಪೋಮ, ಕ್ಯಾನ್ಸರ್ ಅಲ್ಲದ ಗೆಡ್ಡೆ. ಬೂದು ಬಣ್ಣದ ಚಿತ್ರವಾಗಿ ಬದಲಾದ ಮೇಲೆ ಆ ಅಂಕಿಯೇ ಇಲ್ಲ. ಮಷೀನಿಗೆ ಕೊಡಬೇಕಾದ ಮುಖ್ಯ ಮಾಹಿತಿಯನ್ನೇ ಅಳಿಸಿ ಕೊಟ್ಟರೆ ಅದು ಏನು ಕಲಿಯಬೇಕು?

"ಹಾಗಾದ್ರೆ ನಿಮ್ಮ ಸೆಂಟರಿನ ಸ್ಕ್ಯಾನೇ ಕೊಡಿ ಮಾವ" ಅಂದಳು. ಆಗಲ್ಲ ಅಂದೆ. ಅದು ರೋಗಿಗಳದ್ದು. ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ಲದೆ ಹೆಸರು ತೆಗೆದರೂ ಕೊಡಬಾರದು.

ಅವಳೇ ಹುಡುಕಿ ಕಿಟ್ಸ್ ಅನ್ನುವ ಸಂಗ್ರಹಕ್ಕೆ ಹೋದಳು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಆಪರೇಷನ್ ಆದ ರೋಗಿಗಳ ಸ್ಕ್ಯಾನ್ ಸೇರಿಸಿ 2019ರಲ್ಲಿ ಕಂಪ್ಯೂಟರಿನಿಂದ ಕಿಡ್ನಿ, ಗೆಡ್ಡೆಯ ಗಡಿ ಗುರುತಿಸುವ ಸ್ಪರ್ಧೆ ಮಾಡಿದ್ದರು. 300 ರೋಗಿಗಳು, 210 ಕಲಿಕೆಗೆ, 90 ಪರೀಕ್ಷೆಗೆ. ಒಬ್ಬೊಬ್ಬರಿಗೂ ಬೇರೆ ಫೋಲ್ಡರ್. ಹೌನ್ಸ್‌ಫೀಲ್ಡ್ ಅಂಕಿ ಹಾಗೇ ಇದೆ. ಗೆಡ್ಡೆ ಯಾವ ಜಾತಿ ಅನ್ನುವ ಲ್ಯಾಬ್ ಫಲಿತಾಂಶವೂ ಜೊತೆಗಿದೆ. ನನಗೆ ಬಹಳ ಖುಷಿಯಾಗಿದ್ದು ಇದಕ್ಕೇ.

ಅಲ್ಲಿ ಗೆದ್ದದ್ದು ಹೈಡಲ್‌ಬರ್ಗ್‌ನ ಜರ್ಮನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರ ಪ್ರೋಗ್ರಾಂ ಎನ್ಎನ್ಯೂ-ನೆಟ್. ಅದೂ ಕಿಡ್ನಿಯ ಗಡಿಯನ್ನು ಬಹಳ ಚೆನ್ನಾಗಿ ಗುರುತಿಸಿತು, ಗೆಡ್ಡೆಯ ಗಡಿಯಲ್ಲಿ ಹಿಂದೆ ಬಿತ್ತು. ಅದು ಗಡಿ ಎಳೆಯುವ ಕೆಲಸ ಅಷ್ಟೇ. ಜಾತಿ ಹೇಳುವುದು ಅದಕ್ಕಿಂತ ಕಷ್ಟ. ಯಾಕೆಂದರೆ ಆ ಸಂಗ್ರಹದಲ್ಲಿ ಕ್ಯಾನ್ಸರ್ ಗೆಡ್ಡೆಗಳೇ ಜಾಸ್ತಿ. ಎಲ್ಲದಕ್ಕೂ "ಕ್ಯಾನ್ಸರ್" ಅಂದುಬಿಟ್ಟರೂ ಅಕ್ಯುರಸಿ ಚೆನ್ನಾಗಿಯೇ ಕಾಣುತ್ತದೆ.

ಹಾಗಾಗಿ ಒಂದೇ ಪರ್ಸೆಂಟ್ ಬರೆಯಬೇಡ ಅಂತ ಹೇಳಿದ್ದೇನೆ. ಕ್ಯಾನ್ಸರ್ ಇದ್ದವರಲ್ಲಿ ಎಷ್ಟು ಜನರನ್ನು ಬಿಟ್ಟುಬಿಟ್ಟಿತು, ಇಲ್ಲದವರಲ್ಲಿ ಎಷ್ಟು ಜನರಿಗೆ ಇದೆ ಅಂದಿತು, ಎರಡನ್ನೂ ಬೇರೆ ಬೇರೆ ತೋರಿಸಬೇಕು. ಈಗ ಅವಳು ಕಿಟ್ಸ್ ಸ್ಕ್ಯಾನ್ ತೆಗೆದುಕೊಂಡು ರೋಗಿವಾರು ಭಾಗ ಮಾಡಿ ಮತ್ತೆ ಓಡಿಸುತ್ತಿದ್ದಾಳೆ. ಅಂಕ ಮೊದಲಿಗಿಂತ ತುಂಬಾ ಕಡಿಮೆ. ಅದನ್ನೇ ರಿಪೋರ್ಟಿನಲ್ಲಿ ಹಾಕುತ್ತೇನೆ ಅಂತ ಗೈಡ್‌ಗೆ ಹೇಳಿದ್ದಾಳೆ, ಅವರೂ ಒಪ್ಪಿದ್ದಾರೆ.